ನೀಲಪ್ಪನ ಮೈಮೇಲೆ ಬಿಳಿ ಚುಕ್ಕೆ

"ಲೇ ತಮ್ಮಾ, ನಿನ್ನ ಮೀನಿಗೆ ಅಮ್ಮ ಎದ್ದಾಳೆ, ಬಂದು ನೋಡು!"

ಅವ್ವ ಹಾಲ್‌ನಿಂದ ಕೂಗಿದಾಗ ನಾನು ಬಚ್ಚಲಲ್ಲಿ ಹಲ್ಲುಜ್ಜುತ್ತಿದ್ದೆ. ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಓಡಿ ಬಂದೆ. ನೀಲಪ್ಪನ ರೆಕ್ಕೆ ಮೇಲೆ ಏಳೆಂಟು ಬಿಳಿ ಚುಕ್ಕೆ. ಒಂದೊಂದೂ ಸಣ್ಣ ರವೆ ಕಾಳಿನಷ್ಟು. ಉಪ್ಪಿಟ್ಟು ಮಾಡುತ್ತಿದ್ದವರು ಹಾಗೇ ಕೈ ಕೊಡವಿದಂತಿತ್ತು. ನಾನು ಹೆಂಡತಿ ಮುಖ ನೋಡಿದೆ. ಅವಳು, "ನನ್ನ ಯಾಕೆ ನೋಡ್ತೀರಿ, ಇವತ್ತು ಅವಲಕ್ಕಿ" ಅಂದಳು.

ನೀಲಪ್ಪ ಅಂದರೆ ಪೌಡರ್ ಬ್ಲೂ ಟ್ಯಾಂಗ್. ಹಿಂದೂ ಮಹಾಸಾಗರದ ಮೀನು. ಮೈ ತಿಳಿನೀಲಿ, ಮುಖ ಕಪ್ಪು, ಬೆನ್ನಿನ ರೆಕ್ಕೆ ನಿಂಬೆಹಣ್ಣಿನ ಹಳದಿ. ಮನೆಗೆ ಬಂದ ದಿನವೇ ಅವ್ವ ಹೆಸರಿಟ್ಟಿದ್ದಳು. ಬೆಲೆ ಎಷ್ಟು ಅಂತ ಇಲ್ಲಿ ಬರೆಯಲ್ಲ, ಹೆಂಡತಿ ಇದನ್ನೂ ಓದುತ್ತಾಳೆ.

ದಾವಣಗೆರೆಯವನು ಸಮುದ್ರ ನೋಡಬೇಕು ಅಂದರೆ ಶಿವಮೊಗ್ಗ ದಾಟಿ ಘಟ್ಟ ಇಳಿಯಬೇಕು. ನಾನು ಆ ತೊಂದರೆ ಬೇಡ ಅಂತ ಟಿವಿ ಪಕ್ಕದಲ್ಲೇ 300 ಲೀಟರ್ ಸಮುದ್ರ ಮಾಡಿಟ್ಟಿದ್ದೆ. ಎರಡು ಕ್ಲೌನ್ ಮೀನು, ಒಂದು ಸಿಗಡಿ, ಒಂದಿಷ್ಟು ಕಲ್ಲು. ಆಮೇಲೆ ನೀಲಪ್ಪ ಬಂದ. ಈ ಜಾತಿಗೆ ಇನ್ನೂ ದೊಡ್ಡ ತೊಟ್ಟಿ ಬೇಕು, ಚರ್ಮದ ರೋಗ ಇವಕ್ಕೆ ಬೇಗ ಅಂಟುತ್ತದೆ ಅಂತ ಆಮೇಲೆ ಗೊತ್ತಾಯಿತು. ಮಾರಿದ ಬೆಂಗಳೂರಿನ ಅಂಗಡಿಯವನು ಒಂದು ಮಾತು ಹೇಳಿದ್ದ: "ಸಾರ್, ಹೊಸ ಮೀನನ್ನ ನಾಲ್ಕು ವಾರ ಬೇರೆ ತೊಟ್ಟಿಯಲ್ಲಿಡಿ." ಅದೊಂದನ್ನು ನಾನು ಕೇಳಲಿಲ್ಲ. ಹೊಸ ಅಳಿಯನನ್ನು ಕರೆದುಕೊಂಡು ಬಂದು ಹಿತ್ತಲಲ್ಲಿ ಕೂರಿಸುತ್ತಾರಾ? ಸೀದಾ ಹಾಲ್‌ಗೇ ಬಿಟ್ಟೆ.

ಕಾಯಿಲೆ ಅಂದರೆ ಮೊದಲು ನೀರು ನೋಡಬೇಕು. ನೋಡಿದೆ. ಸಮುದ್ರದ ನೀರಿನ ಸಾಂದ್ರತೆ 1.025ರ ಸುತ್ತಮುತ್ತ ಇರಬೇಕು. ನನ್ನ ತೊಟ್ಟಿಯಲ್ಲಿ 1.031! ಏಪ್ರಿಲ್ ತಿಂಗಳು, ನಮ್ಮೂರ ಬಿಸಿಲು, ದಿನಾ ಎರಡು ಮೂರು ಲೀಟರ್ ನೀರು ಇಂಗುತ್ತಿತ್ತು. ಇಂಗಿದಷ್ಟನ್ನು ನಾನು ಶ್ರದ್ಧೆಯಿಂದ ಉಪ್ಪುನೀರೇ ಹಾಕಿ ತುಂಬಿಸುತ್ತಿದ್ದೆ. ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಮತ್ತೆ ಹಾಕಬೇಕಾದದ್ದು ಬರೀ ಸಿಹಿನೀರು. ಇದನ್ನು ಹೇಳಲೇಬೇಕಾಗಿದೆ, ಯಾಕಂದರೆ ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಉಪ್ಪುನೀರು ಕಾಯಿಸಿ ತಟ್ಟೆಯಲ್ಲಿ ಉಪ್ಪು ಉಳಿಯುವುದನ್ನು 18 ವರ್ಷದಿಂದ ಮಕ್ಕಳಿಗೆ ತೋರಿಸುತ್ತಿದ್ದೇನೆ. ಪರೀಕ್ಷೆಯಲ್ಲಿ ಎರಡು ಮಾರ್ಕಿಗೆ ಅದನ್ನು ಕೇಳುತ್ತೇನೆ ಕೂಡ.

ಉಪ್ಪನ್ನು ನಿಧಾನವಾಗಿ ಇಳಿಸಿದೆ. ಚುಕ್ಕೆ ಇಳಿಯಲಿಲ್ಲ. ನೀಲಪ್ಪ ಕಲ್ಲಿಗೆ ಮೈ ಉಜ್ಜಲು ಶುರು ಮಾಡಿದ. ಥೇಟ್ ಕಂಬಕ್ಕೆ ಮೈ ತಿಕ್ಕುವ ಎಮ್ಮೆ.

ಎಮ್ಮೆ ಅಂದಕೂಡಲೇ ಪಶುವೈದ್ಯರು ನೆನಪಾದರು. ಪರಿಚಯದವರೊಬ್ಬರಿಗೆ ಫೋನ್ ಮಾಡಿದೆ. ಪೂರ್ತಿ ಕೇಳಿಸಿಕೊಂಡು, "ಮೇವು ತಿಂತಾ ಐತಾ?" ಅಂದರು. ತಿಂತಿದೆ ಅಂದೆ. "ಹಂಗಾದ್ರೆ ಬಿಡ್ರಿ, ಸಾಯಲ್ಲ" ಅಂತ ಇಟ್ಟೇಬಿಟ್ಟರು. ಆವತ್ತು ಸಿಟ್ಟು ಬಂತು. ಆದರೆ ಮೀನು ಸಾಕುವವರೂ ಮೊದಲು ಕೇಳುವುದು ಅದನ್ನೇ. ಮೇವು ಬಿಟ್ಟರೆ, ಉಸಿರಿಗೆ ಏದುತ್ತಿದ್ದರೆ ಹೆದರಬೇಕು.

ಅವ್ವ ಅಷ್ಟರಲ್ಲಿ ತನ್ನ ಚಿಕಿತ್ಸೆ ಶುರು ಮಾಡಿದ್ದಳು. ತೊಟ್ಟಿಯ ಮುಚ್ಚಳಕ್ಕೆ ಬೇವಿನ ಸೊಪ್ಪು ಸಿಕ್ಕಿಸಿದ್ದಳು. ದುರ್ಗಮ್ಮನಿಗೆ ಮೊಸರನ್ನದ ಎಡೆ ಹೇಳಿಕೊಂಡಿದ್ದಳು. ಹಾಲ್‌ನಲ್ಲಿ ಒಗ್ಗರಣೆ ವಾಸನೆ ಬರಬಾರದು ಅಂತ ಕಟ್ಟಳೆ ಬೇರೆ. ನಾನು ನನ್ನ ವೈಜ್ಞಾನಿಕ ದಾರಿಯಲ್ಲಿ ಬೆಳ್ಳುಳ್ಳಿ ರಸದಲ್ಲಿ ಅದ್ದಿದ ಮೇವು ಕೊಟ್ಟೆ. ಐದನೇ ದಿನ ಬೆಳಿಗ್ಗೆ ನೋಡಿದರೆ ಒಂದು ಚುಕ್ಕೆಯೂ ಇಲ್ಲ! ಅವ್ವ ಗೆದ್ದವಳ ಹಾಗೆ ನೋಡಿದಳು. ನಾನೂ ಹಾಗೇ ನೋಡಿದೆ. ಆವತ್ತು ಸಂಜೆ ಸ್ಟಾಫ್ ರೂಮಿಗೆಲ್ಲ ಮಿರ್ಚಿ, ಮಂಡಕ್ಕಿ ಕೊಡಿಸಿ, ಬೆಳ್ಳುಳ್ಳಿಯ ಮಹಿಮೆ ಹೇಳಿದೆ.

ಹತ್ತು ದಿನಕ್ಕೆ ಚುಕ್ಕೆ ವಾಪಸ್. ಈ ಸಲ ಏಳೆಂಟಲ್ಲ. ನೀಲಪ್ಪ ನೀಲಿ ಬಟ್ಟೆಗೆ ರಂಗೋಲಿ ಪುಡಿ ಚೆಲ್ಲಿದಂತೆ ಆಗಿದ್ದ. ಜೊತೆಗೆ ಎರಡು ಕ್ಲೌನ್ ಮೀನಿಗೂ ಹತ್ತಿತ್ತು.

ಆಮೇಲೆ ಸ್ಕೂಲ್ ಲ್ಯಾಬಿನ ಭೂತಕನ್ನಡಿ ತಂದು ಕೂತೆ. ರಾತ್ರಿ ಎರಡರವರೆಗೆ ಓದಿದೆ. ಬಿಳಿ ಅಂದರೆ ಎಲ್ಲ ಒಂದೇ ಅಲ್ಲ. ವಿಭೂತಿ ಉದುರಿಸಿದಂತೆ ನಯವಾದ ಧೂಳು ಕಂಡರೆ ಅದು ವೆಲ್ವೆಟ್ ಅನ್ನುವ ರೋಗ, ಎರಡು ಮೂರು ದಿನದಲ್ಲೇ ಮೀನನ್ನು ಮುಗಿಸಿಬಿಡಬಹುದು. ಮೈಮೇಲಿನ ಲೋಳೆ ಪದರ ಪದರವಾಗಿ ಕಿತ್ತು ಬಂದರೆ ಬ್ರೂಕ್ಲಿನೆಲ್ಲಾ, ಕ್ಲೌನ್ ಮೀನುಗಳಿಗೆ ಜಾಸ್ತಿ. ರೆಕ್ಕೆ ಅಂಚಲ್ಲಿ ಹೂಕೋಸಿನಂಥ ಗಂಟು ಎದ್ದರೆ ಅದು ವೈರಸ್, ಅದಕ್ಕೆ ಔಷಧಿ ಇಲ್ಲ, ನೀರು ಚೆನ್ನಾಗಿಟ್ಟರೆ ಬಹಳ ಸಲ ತಾನೇ ಹೋಗುತ್ತದೆ. ಬಿಡಿಬಿಡಿಯಾಗಿ ಎಣಿಸಬಹುದಾದ ಉಪ್ಪಿನ ಕಾಳು ಕಂಡರೆ ಮೆರೀನ್ ಇಕ್. ಅದರ ಜಾತಕದ ಹೆಸರು ಕ್ರಿಪ್ಟೊಕ್ಯಾರಿಯಾನ್ ಇರಿಟಾನ್ಸ್. ಇರಿಟಾನ್ಸ್ ಅಂತ ಇಟ್ಟವನು ಯಾರೋ ನನ್ನ ಹಾಗೇ ಮೀನು ಸಾಕಿದ್ದನೇನೋ.

ನಮ್ಮದು ಇಕ್. ನಾವಿಬ್ಬರೂ ಹೇಗೆ ಮೋಸ ಹೋದೆವು ಅಂತ ಆಗ ಅರ್ಥವಾಯಿತು. ಈ ಪರಾವಲಂಬಿ ಮೀನಿನ ಮೈಮೇಲೆ ಮೂರರಿಂದ ಏಳು ದಿನ ಇರುತ್ತದೆ. ಹೊಟ್ಟೆ ತುಂಬಿದ ಮೇಲೆ ತಾನಾಗಿಯೇ ಕೆಳಗೆ ಬೀಳುತ್ತದೆ. ಕಲ್ಲು, ಮರಳಿಗೆ ಅಂಟಿಕೊಂಡು ಗಟ್ಟಿ ಚಿಪ್ಪು ಕಟ್ಟಿಕೊಂಡು ಒಳಗೇ ನೂರಾರು ಮರಿ ಮಾಡುತ್ತದೆ. ಅವು ಹೊರಬಂದು ಒಂದೆರಡು ದಿನದಲ್ಲಿ ಮೀನು ಹುಡುಕಿಕೊಳ್ಳಬೇಕು, ಇಲ್ಲದಿದ್ದರೆ ಸಾಯುತ್ತವೆ. ಅಂದರೆ ಐದನೇ ದಿನ ಅವು ಹೋಗಿದ್ದು ಅವ್ವನ ಮೊಸರನ್ನಕ್ಕೂ ಅಲ್ಲ, ನನ್ನ ಬೆಳ್ಳುಳ್ಳಿಗೂ ಅಲ್ಲ. ಬಾಣಂತನಕ್ಕೆ ತವರಿಗೆ ಹೋಗಿದ್ದವು. ಇನ್ನೊಂದು ವಿಷಯ, ನೀರು ಬೆಚ್ಚಗಿದ್ದಷ್ಟೂ ಈ ಬಾಣಂತನ ಬೇಗ ಮುಗಿಯುತ್ತದಂತೆ. ದಾವಣಗೆರೆ ಏಪ್ರಿಲ್‌ನಲ್ಲಿ, ಕರೆಂಟ್ ಇಲ್ಲದ ಮಧ್ಯಾಹ್ನ, ಅವಕ್ಕೆ ಎಷ್ಟು ಅನುಕೂಲ ಆಗಿರಬೇಕು!

ಮದ್ದು ತಾಮ್ರ. ದ್ರವರೂಪದ ತಾಮ್ರ, ಲೀಟರಿಗೆ 0.15ರಿಂದ 0.20 ಮಿಲಿಗ್ರಾಂ. ಕಡಿಮೆಯಾದರೆ ರೋಗ ಹೋಗಲ್ಲ, ಜಾಸ್ತಿಯಾದರೆ ಮೀನೇ ಹೋಗುತ್ತದೆ. ದೊಡ್ಡ ತೊಟ್ಟಿಗೆ ಹಾಕುವ ಹಾಗೂ ಇಲ್ಲ, ಸಿಗಡಿಗೆ ತಾಮ್ರ ವಿಷ, ಕಲ್ಲು ತಾಮ್ರವನ್ನು ಹೀರಿಕೊಳ್ಳುತ್ತದೆ. ಹಾಗಾಗಿ ಮೂರೂ ಮೀನನ್ನು ಹಿಡಿದು 100 ಲೀಟರಿನ ನೀಲಿ ಟಬ್‌ಗೆ ಹಾಕಿದೆ. ಬಚ್ಚಲ ಪಕ್ಕದ ಪ್ಯಾಸೇಜಿನಲ್ಲಿ ಐಸಿಯು ತೆರೆಯಿತು. ಮೀನುಗಳು ಬಚ್ಚಿಟ್ಟುಕೊಳ್ಳಲು ಹಾರ್ಡ್‌ವೇರ್ ಅಂಗಡಿಯಿಂದ ಮೂರು ಪ್ಲಾಸ್ಟಿಕ್ ಪೈಪಿನ ಎಲ್ಬೋ. ಬೆಳಿಗ್ಗೆ ಎದ್ದು ಗಾಜಿನ ನಳಿಕೆಯಲ್ಲಿ ನೀರು ತೆಗೆದು, ಹನಿ ಹಾಕಿ, ಬಣ್ಣ ನೋಡಿ ತಾಮ್ರ ಅಳೆಯುವುದು. ಒಳ್ಳೆ ಬ್ಯಾಕ್ಟೀರಿಯಾ ಇಲ್ಲದ ಹೊಸ ಟಬ್, ಅಮೋನಿಯಾ ಏರುತ್ತದೆ, ದಿನ ಬಿಟ್ಟು ದಿನ ನೀರು ಬದಲಿಸಬೇಕು. ಬದಲಿಸಿದ ನೀರಿಗೂ ಲೆಕ್ಕ ಹಾಕಿ ತಾಮ್ರ ಸೇರಿಸಬೇಕು. ನಮ್ಮ ಮಗಳು ಹುಟ್ಟಿದಾಗಲೂ ನೀವು ಇಷ್ಟು ಬೇಗ ಎದ್ದಿರಲಿಲ್ಲ ಅಂತ ಹೆಂಡತಿ ಒಂದು ಸಲ ಹೇಳಿದಳು. ಎರಡು ಸಲ.

ಆದರೆ ಫೋನಿನಲ್ಲಿ ನಾನು "ತಾಮ್ರ, ತಾಮ್ರ" ಅನ್ನುವುದನ್ನು ಅವ್ವ ಕೇಳಿಸಿಕೊಂಡಿದ್ದಳು.

ಮರುದಿನ ಬೆಳಿಗ್ಗೆ ದೊಡ್ಡ ತೊಟ್ಟಿ ನೋಡಿದೆ. ನಡುಗಲ್ಲಿನ ಮೇಲೆ ಒಂದು ತಾಮ್ರದ ತಂಬಿಗೆ ಕೂತಿತ್ತು. ಹುಣಸೆಹಣ್ಣು ಹಾಕಿ ಫಳಫಳ ತೊಳೆದಿದ್ದಳು, ಕುತ್ತಿಗೆಗೆ ಎರಡೆಳೆ ದಾರ ಕಟ್ಟಿದ್ದಳು. ಅದರ ಬುಡದಲ್ಲಿ ಸಿಗಡಿ ಮಲಗಿತ್ತು. ಕಾಲು ಮೇಲೆ, ಮೈ ಗಾಜಿನಂತೆ ಬೆಳ್ಳಗೆ, ಮೀಸೆ ಅಲ್ಲಾಡುತ್ತಿಲ್ಲ.

"ರಾತ್ರಿ ತಂಬಿಗೇಲಿ ನೀರಿಟ್ಟು ಬೆಳಿಗ್ಗೆ ಕುಡಿದ್ರೆ ಮನುಷ್ಯರಿಗೆ ಒಳ್ಳೇದು ಅಂತೀರಿ" ಅಂದಳು ಅವ್ವ. "ಅವಕ್ಕೆ ಆಗಲ್ಲ ಅಂತ ನಂಗೇನು ಗೊತ್ತು?"

ಏನು ಹೇಳಲಿ? ರೋಗಕ್ಕೆ ಸರಿಯಾದ ಲೋಹವನ್ನೇ ಹುಡುಕಿದ್ದಳು. ನಾನು ಮಾತಾಡದೆ ತಂಬಿಗೆ ತೆಗೆದೆ, ಅರ್ಧ ನೀರು ಬದಲಿಸಿದೆ, ಇದ್ದಿಲಿನ ಚೀಲ ಹಾಕಿದೆ. ಹೆಂಡತಿ ಸಿಗಡಿಯನ್ನು ಚಮಚದಲ್ಲಿ ಎತ್ತಿ ಕರಿಬೇವಿನ ಗಿಡದ ಬುಡದಲ್ಲಿ ಮಣ್ಣು ಮಾಡಿದಳು. ಅವ್ವ ಊಟ ಬಿಟ್ಟಳು. ಸಂಜೆ ಆರಕ್ಕೆ ಕಲ್ಲಿನ ಹಿಂದಿನಿಂದ ಎರಡು ಬಿಳಿ ಮೀಸೆ ಹೊರಬಂತು. ಹಿಂದೆ ಇಡೀ ಸಿಗಡಿ ಬಂತು, ಮೊದಲಿಗಿಂತ ಕೆಂಪಗೆ. ಸಿಗಡಿ ಬೆಳೆಯುವಾಗ ಚಿಪ್ಪನ್ನು ಅಂಗಿ ಬಿಚ್ಚಿದ ಹಾಗೆ ಇಡಿಯಾಗಿ ಕಳಚುತ್ತದೆ, ಕಾಲು ಮೀಸೆ ಸಮೇತ. ನಾವು ಹೂಳಿದ್ದು ಅದರ ಹಳೇ ಬಟ್ಟೆ.

ಆಮೇಲೆ ಶುರುವಾಯಿತು ನಿಜವಾದ ಕಷ್ಟ. ಮೀನು ಸಿಗದೆ ಇಕ್ ಪೂರ್ತಿ ಸಾಯಬೇಕಾದರೆ ದೊಡ್ಡ ತೊಟ್ಟಿಯಲ್ಲಿ 76 ದಿನ ಮೀನೇ ಇರಬಾರದು. ಚಿಪ್ಪಿನೊಳಗೆ ಕೆಲವು ಅಷ್ಟು ತಡವಾಗಿ ಏಳುತ್ತವೆ. ಅವ್ವ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗೀಟು ಹಾಕಿದಳು. ಮನೆಗೆ ಬಂದ ನೆಂಟರು ಬೆಳಗುವ ದೀಪದ ಕೆಳಗೆ ನಾಲ್ಕು ಕಲ್ಲು ನೋಡುತ್ತಾ ಟೀ ಕುಡಿದರು. ಮೀನು ಎಲ್ಲಿ ಅಂತ ಕೇಳಿದವರಿಗೆಲ್ಲ ಅವ್ವ, "ಅಡ್ಮಿಟ್ ಆಗ್ಯಾವೆ" ಅನ್ನುತ್ತಿದ್ದಳು. ಅಷ್ಟು ಗಂಭೀರವಾಗಿ ಹೇಳುತ್ತಿದ್ದಳು ಅಂದರೆ, ನನ್ನ ದೊಡ್ಡ ಸೋದರತ್ತೆ ಮುಂದಿನ ಸಲ ಹಣ್ಣು ತಂದಳು.

76ನೇ ದಿನ ಮೂರೂ ಮೀನು ವಾಪಸ್ ಬಂದವು. ಮುಂದಿನ ಮಂಗಳವಾರ ಹರಕೆ ತೀರಿಸಲು ದುರ್ಗಮ್ಮನ ಗುಡಿಗೆ ಹೋದೆವು. ಕಾಯಿಲೆ ಬಿದ್ದವರು ಬಂದು ಕೈಮುಗಿಯಬೇಕಲ್ಲ ಅಂತ ಅವ್ವನಿಗೆ ಚಿಂತೆ. ನಾನು ಮೊಬೈಲಿನಲ್ಲಿ ನೀಲಪ್ಪನ ಫೋಟೊ ತೆಗೆದುಕೊಂಡು ಹೋಗಿದ್ದೆ. ಮೊಸರನ್ನದ ಡಬ್ಬಿ ಕೊಟ್ಟು, ಫೋಟೊವನ್ನು ಒಳಗೆ ಕಾಣುವಂತೆ ತಿರುಗಿಸಿ ಹಿಡಿದೆ.

ಪೂಜಾರಿ, "ಯಾರ ಹೆಸರಿಗೆ?" ಅಂದರು.

"ನೀಲಪ್ಪ" ಅಂದಳು ಅವ್ವ.

"ರಾಶಿ?"

ಅವ್ವ ಯೋಚನೆಯನ್ನೇ ಮಾಡಲಿಲ್ಲ. "ಮೀನ."