ಸೈಕಲ್ ಎತ್ತಿಕೊಂಡು ಹೋದವರು ಕಳ್ಳರಲ್ಲ

ನೆದರ್ಲೆಂಡ್ಸ್‌ನ ಪ್ರತಿಭಟನಾಕಾರ ಯುವಕರ ಗುಂಪಾದ ಪ್ರೊವೊದ ಬಿಳಿ ಸೈಕಲ್‌ಗಳು ಕಳ್ಳರ ಪಾಲಾಗಿ ಯೋಜನೆ ನೆಲಕಚ್ಚಿತು, ಅವರದೆಲ್ಲ ‘ಸುಮ್ನೆ ಹುಡುಗಾಟ’ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಅಲ್ಲೇ ಎಡವಿದ್ದೀರಿ. 1965ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಅವರು ಬೀಗವಿಲ್ಲದ ಸೈಕಲ್‌ಗಳನ್ನು ಬೀದಿಗೆ ಬಿಟ್ಟರು, ಯಾರು ಬೇಕಾದರೂ ಓಡಿಸಲಿ ಅಂತ. ಅವನ್ನು ಎತ್ತಿಕೊಂಡು ಹೋದವರು ಪೊಲೀಸರು! ಬೀಗ ಹಾಕದೆ ಸೈಕಲ್ ನಿಲ್ಲಿಸುವುದೇ ಆಗ ಅಲ್ಲಿ ತಪ್ಪಾಗಿತ್ತಂತೆ. ಇದಕ್ಕಿಂತ ಒಳ್ಳೆಯ ಬೀದಿನಾಟಕವನ್ನು ಪ್ರೊವೊದವರೂ ಬರೆಯಲಾರರು, ಅಲ್ವಾ?

ಇನ್ನು ‘ಸುಮ್ನೆ ಹುಡುಗಾಟ’ ಅಂದಿದ್ದಂತೂ ಜಾಸ್ತಿಯಾಯಿತು. ಆ ದೇಶದ ರಾಜಕುಮಾರಿ ಬಿಯಾಟ್ರಿಕ್ಸ್ ಮದುವೆ ಮೆರವಣಿಗೆಯಲ್ಲಿ ಪ್ರೊವೊದವರು ಹೊಗೆ ಬಾಂಬ್ ಎಸೆದದ್ದು 1966ರ ಮಾರ್ಚ್‌ನಲ್ಲಿ. ಅದೇ ವರ್ಷ ಜೂನ್‌ನಲ್ಲಿ ಅವರು ಆಮ್‌ಸ್ಟರ್‌ಡ್ಯಾಮ್ ನಗರಸಭೆಯಲ್ಲಿ ಒಂದು ಸ್ಥಾನ ಗೆದ್ದರು. ಸೈಕಲ್ ಯೋಜನೆ ರೂಪಿಸಿದ ಲುಡ್ ಸ್ಕಿಮ್ಮೆಲ್‌ಪೆನ್ನಿಂಕ್ ಮುಂದೆ ಅದೇ ಕುರ್ಚಿಯಲ್ಲಿ ಕೂತು ಬಿಳಿ ಸೈಕಲ್‌ಗಾಗಿ ವಾದಿಸಿದರು. ಸಭೆ ಒಪ್ಪಲಿಲ್ಲ, ಅದು ಬೇರೆ ಮಾತು.