ಸಹಿ ಹಾಕುವ ಮೊದಲು ಓದಿದ ಹೆಂಗಸು

ಅಪ್ಪ ತೀರಿಕೊಂಡ ಮರುವರ್ಷ ಊರಿಂದ ಫೋನ್ ಬಂತು. "ಒಂದು ಸಹಿ ಐತಿ, ಬಂದು ಹೋಗು." ಗೋವಾದ ವಾಸ್ಕೋದಿಂದ ರಾತ್ರಿ ಬಸ್ ಹತ್ತಿದೆ. ಅಣ್ಣ ಹೊಸ ಸೀರೆ ಕೊಟ್ಟ, ಅತ್ತಿಗೆ ಉಡಿ ತುಂಬಿದಳು. ಮಧ್ಯಾಹ್ನ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ, ಅಪ್ಪನ ಆಸ್ತಿಯಲ್ಲಿ ನನ್ನ ಪಾಲು ಬಿಟ್ಟುಕೊಡುವ ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕಿ ಹೆಬ್ಬೆಟ್ಟು ಒತ್ತಿದೆ. ಒಂದು ಸಾಲೂ ಓದಲಿಲ್ಲ. ಯಾರೂ ಒತ್ತಾಯ ಮಾಡಿರಲಿಲ್ಲ. ತವರಿನ ದಾರಿ ಮುಚ್ಚಬಾರದು ಅಂತ ಅವ್ವ ಹೇಳಿದ್ದಳು, ಅಷ್ಟೇ ಸಾಕಾಗಿತ್ತು.

ಆಮೇಲೆ ಇಲ್ಲೇ ವಾಸ್ಕೋದಲ್ಲಿ ಒಬ್ಬ ವಕೀಲರ ಆಫೀಸಿನಲ್ಲಿ ಟೈಪಿಂಗ್ ಕೆಲಸ ಸಿಕ್ಕಿತು. ಒಂದು ದಿನ ಗೋವಾದವರೊಬ್ಬರು ಫ್ಲಾಟ್ ಮಾರುವ ಕಾಗದ ಮಾಡಿಸಲು ಬಂದರು. ಫ್ಲಾಟ್ ಅವರ ಹೆಸರಲ್ಲೇ ಇತ್ತು, ದುಡ್ಡೂ ಅವರದ್ದೇ. ವಕೀಲರು ಕೇಳಿದ ಮೊದಲ ಮಾತು, "ಹೆಂಡತಿ ಎಲ್ಲಿ?" ಎರಡು ದಿನ ಬಿಟ್ಟು ಆ ಹೆಂಗಸು ಬಂದರು. ಕನ್ನಡಕ ಹಾಕಿಕೊಂಡು ಎಲ್ಲ ಹಾಳೆ ಓದಿದರು. ರೇಟು ಯಾಕೆ ಇಷ್ಟೇ ಅಂತ ಕೇಳಿದರು. ಗಂಡ ಉತ್ತರ ಕೊಟ್ಟರು. ಆಮೇಲೆ ಸಹಿ ಹಾಕಿದರು. ನನಗೆ ಆ ಹೊತ್ತಿನಲ್ಲಿ ನೆನಪಾಗಿದ್ದು ನನ್ನ ಹೆಬ್ಬೆಟ್ಟಿನ ನೀಲಿ ಶಾಯಿ.

ಏಕರೂಪ ನಾಗರಿಕ ಸಂಹಿತೆ, ಅಂದರೆ ಮದುವೆ, ಆಸ್ತಿ ವಿಷಯಕ್ಕೆ ಎಲ್ಲ ಧರ್ಮದವರಿಗೂ ಒಂದೇ ಕಾನೂನು ಅನ್ನುವ ಮಾತು, ಸುದ್ದಿಗೆ ಬಂದಾಗಲೆಲ್ಲ ನನ್ನ ಫೇಸ್‌ಬುಕ್ ಗೋಡೆ ಎರಡು ಪಾಲಾಗುತ್ತದೆ. ಕೆಲವರು, ಅಂಥ ಕಾನೂನು ಆಗಲೇ ಇರುವ ಗೋವಾ ನೋಡಿ ಕಲಿಯಿರಿ ಅಂತಾರೆ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಗೋವಾವನ್ನು ಹೊಳೆಯುವ ಉದಾಹರಣೆ ಅಂತಲೇ ಕರೆಯಿತು. ಇನ್ನು ಕೆಲವರು ಅದು ಪೋರ್ಚುಗೀಸರು ಬಿಟ್ಟುಹೋದ ಕಸ ಅಂತಾರೆ. ಇಬ್ಬರೂ ಆ ಕಾನೂನನ್ನು ಬಿಡಿಸಿ ನೋಡಿದ ಹಾಗೆ ಕಾಣುವುದಿಲ್ಲ.

ಅದು 1867ರ ಪೋರ್ಚುಗೀಸ್ ನಾಗರಿಕ ಸಂಹಿತೆ, ಇಲ್ಲಿನವರ ಬಾಯಲ್ಲಿ ಕೋಡ್. ಇಲ್ಲಿಗೆ ಬಂದದ್ದು 1870ರಲ್ಲಿ. 1961ರಲ್ಲಿ ಗೋವಾ ಭಾರತಕ್ಕೆ ಸೇರಿತು, 1962ರ ಕಾಯ್ದೆ ಹಳೆಯ ಕಾನೂನುಗಳನ್ನು ಹಾಗೇ ಉಳಿಸಿತು. ಬೇರೆ ಒಪ್ಪಂದ ಮಾಡಿಕೊಳ್ಳದೆ ಮದುವೆಯಾದರೆ ಗಂಡ ಹೆಂಡತಿಯ ಆಸ್ತಿ ಇಬ್ಬರದ್ದೂ, ಅರ್ಧರ್ಧ. ವಕೀಲರು ಹೆಂಡತಿಯನ್ನು ಕೇಳಿದ್ದು ಅದಕ್ಕೇ. ಆದಾಯ ತೆರಿಗೆಯಲ್ಲೂ ಹಾಗೇ. ಸಂಬಳ ಬಿಟ್ಟು ಬಾಡಿಗೆ, ವ್ಯಾಪಾರದ ಆದಾಯವನ್ನು ಇಬ್ಬರ ಲೆಕ್ಕಕ್ಕೂ ಸಮ ಹಂಚುತ್ತಾರೆ. ಮಕ್ಕಳಿದ್ದರೆ ಅಪ್ಪ ಅಮ್ಮ ತಮ್ಮ ಪಾಲಿನ ಅರ್ಧಕ್ಕಷ್ಟೇ ಉಯಿಲು ಬರೆಯಬಹುದು. ಉಳಿದರ್ಧ ಮಕ್ಕಳದ್ದು, ಹೆಣ್ಣಿಗೂ ಗಂಡಿಗೂ ಒಂದೇ.

ನಮ್ಮ ಕಡೆ ಹೇಗಿದೆ? ಹಿಂದೂ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಡುವ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲೇ ಮಾಡಿತ್ತು. ಕೇಂದ್ರ ಮಾಡಿದ್ದು 2005ರಲ್ಲಿ. ಅಂದರೆ ನಾವು ಹಿಂದೆ ಬಿದ್ದವರಲ್ಲ. ಆದರೂ ಹಿಂದೂ ಅಪ್ಪ ತನ್ನ ಸ್ವಂತ ಗಳಿಕೆಯನ್ನು ಪೂರ್ತಿ ಒಬ್ಬ ಮಗನ ಹೆಸರಿಗೆ ಬರೆದಿಟ್ಟು ಹೋಗಬಹುದು. ಗಂಡ ತನ್ನ ಹೆಸರಿನ ಸೈಟು ಮಾರುವಾಗ ಹೆಂಡತಿಯನ್ನು ಕೇಳಲೇಬೇಕು ಅನ್ನುವ ನಿಯಮವೂ ಇಲ್ಲ.

ಹಾಗಂತ ಗೋವಾದ ಕಾನೂನನ್ನು ತಲೆ ಮೇಲೆ ಹೊತ್ತುಕೊಳ್ಳಲು ನಾನು ತಯಾರಿಲ್ಲ. ಮಾರಲು ಹೆಂಡತಿಯ ಸಹಿ ಬೇಕಾದರೂ, ಅದೇ ಕೋಡಿನಲ್ಲಿ ಆಸ್ತಿಯ ಆಡಳಿತ ಗಂಡನ ಕೈಯಲ್ಲಿದೆ. 1880ರ ಆದೇಶವೊಂದು ಹಿಂದೂ ಗಂಡಸಿಗೆ, ಹೆಂಡತಿಗೆ 25 ವರ್ಷವಾದರೂ ಮಕ್ಕಳಾಗದಿದ್ದರೆ, 30 ಆದರೂ ಗಂಡು ಮಗು ಆಗದಿದ್ದರೆ, ಇನ್ನೊಂದು ಮದುವೆಗೆ ದಾರಿ ಬಿಟ್ಟಿತ್ತು. ಇಂಥದ್ದನ್ನು ಮರೆತು ಹೊಳೆಯುವ ಉದಾಹರಣೆ ಅನ್ನುವುದು ಸರಿಯಲ್ಲ. ಇಲ್ಲಿನ ಹೆಣ್ಣುಮಕ್ಕಳೂ ಅಣ್ಣ ತಮ್ಮಂದಿರಿಗೆ ಪಾಲು ಬಿಟ್ಟುಕೊಡುತ್ತಾರೆ. ಅಂಥ ಪತ್ರಗಳನ್ನೂ ನಾನು ಟೈಪ್ ಮಾಡಿದ್ದೇನೆ.

ನನ್ನನ್ನು ಕಾಡುವುದು ಪೋರ್ಚುಗಲ್ಲಿನ ಕಥೆ. ಆ ಕೋಡ್ ಬರೆದ ದೇಶದವರೇ 1966ರಲ್ಲಿ ಹೊಸದನ್ನು ತಂದರು. ಅದರಲ್ಲೂ ಮನೆಯ ಯಜಮಾನ ಗಂಡನೇ. ಸರ್ವಾಧಿಕಾರ ಬಿದ್ದು 1976ರಲ್ಲಿ ಹೊಸ ಸಂವಿಧಾನ ಬಂತು. ಗಂಡ ಹೆಂಡತಿ ಸಮಾನರು ಅಂತ ಅದು ಬಾಯಿಬಿಟ್ಟು ಹೇಳಿತು. ಮರುವರ್ಷವೇ, 1977ರಲ್ಲಿ, ಕೋಡನ್ನು ತಿದ್ದಿ ಗಂಡನ ಯಜಮಾನಿಕೆ ತೆಗೆದರು. ಸಮಾನತೆಯ ಮಾತಾಡುವ ನಮ್ಮ ಸಂವಿಧಾನದ 14 ಮತ್ತು 15ನೇ ವಿಧಿಗಳು 1950ರಿಂದಲೇ ಇವೆ. ಗೋವಾ 2012ರಲ್ಲಿ ಉತ್ತರಾಧಿಕಾರದ ಭಾಗಕ್ಕೆ ತನ್ನದೇ ಕಾಯ್ದೆ ಬರೆದುಕೊಂಡಿತು, ಅದು ಜಾರಿಯಾದದ್ದು 2016ರ ಡಿಸೆಂಬರಿನಲ್ಲಿ. ಮದುವೆಯ ಭಾಗ ಮಾತ್ರ ಹಳೆಯದೇ. ಪೋರ್ಚುಗೀಸರೇ ಬಿಸಾಕಿದ ಸಾಲುಗಳನ್ನು ನಾವು ಜೋಪಾನ ಮಾಡುತ್ತಿದ್ದೇವೆ, ಅಲ್ವಾ?

ಕೇಳುವುದಾದರೆ ನಾನು ಎರಡೇ ವಿಷಯ ಕೇಳುತ್ತೇನೆ. ಮಕ್ಕಳ ಅರ್ಧ ಪಾಲನ್ನು ಯಾವ ಉಯಿಲೂ ಮುಟ್ಟಬಾರದು. ಮನೆ ಮಾರುವಾಗ ಹೆಂಡತಿಯ ಸಹಿ ಬೇಕೇ ಬೇಕು. ಇವೆರಡು ಕರ್ನಾಟಕಕ್ಕೂ ಬರಲಿ, ಎಲ್ಲ ಧರ್ಮದವರಿಗೂ ಬರಲಿ. ಯಾರ ಮದುವೆಯ ಶಾಸ್ತ್ರವನ್ನೂ ಮುಟ್ಟಬೇಕಾಗಿಲ್ಲ. ಸಂಹಿತೆಯ ಹೆಸರಲ್ಲಿ ಕಿತ್ತಾಡುವವರು ಈ ಎರಡರ ಬಗ್ಗೆ ಸುಮ್ನೆ ಇರುವುದು ನೋಡಿದರೆ ಹೊಟ್ಟೆ ಉರಿಯುತ್ತದೆ.

ಮುಂದಿನ ತಿಂಗಳು ಕಾಕಾನ ಮಗಳನ್ನು ಊರಿಗೆ ಕರೆದಿದ್ದಾರೆ. ಸೀರೆ ಆಗಲೇ ತಂದಿಟ್ಟಿದ್ದಾರಂತೆ. ನಿನ್ನೆ ಫೋನ್ ಮಾಡಿ ಹೇಳಿದೆ: ಪತ್ರದ ಫೋಟೋ ತೆಗೆದು ನನಗೆ ವಾಟ್ಸಾಪ್ ಮಾಡು, ಇಬ್ಬರೂ ಕೂತು ಓದೋಣ, ಅಲ್ಲೀತನಕ ಪೆನ್ನು ಮುಟ್ಟಬೇಡ. ಆಯ್ತಕ್ಕ ಅಂದಿದ್ದಾಳೆ.