"ಏನೂ ಆಗಿಲ್ಲ, ಚೆನ್ನಾಗೇ ಇದ್ದೀನಿ"

ಎತ್ತರದ ಬೆಟ್ಟಕ್ಕೆ ಹೊರಟವರು ಕಾಲು ಗಟ್ಟಿ ಮಾಡಿಕೊಳ್ಳುತ್ತಾರೆ, ಜಾಕೆಟ್ ಕೊಳ್ಳುತ್ತಾರೆ. ತಲೆಯ ಬಗ್ಗೆ ಮಾತ್ರ ಯಾರೂ ಯೋಚಿಸುವುದಿಲ್ಲ. ಅಲ್ಲಿ ಸದ್ದಿಲ್ಲದೆ ಕೈಕೊಡುವುದು ಅದೇ.

ಮೇಲೆ ಹೋದರೂ ಗಾಳಿಯಲ್ಲಿ ಆಕ್ಸಿಜನ್ ಪಾಲು ಶೇ. 21ರಷ್ಟೇ ಇರುತ್ತದೆ. ಇಳಿಯುವುದು ಗಾಳಿಯ ಒತ್ತಡ. 5,500 ಮೀಟರ್ ಹತ್ತಿರ ಅದು ಸಮುದ್ರಮಟ್ಟದ ಅರ್ಧ, ಅಂದರೆ ಒಂದೊಂದು ಉಸಿರಿಗೂ ಸಿಗುವ ಆಕ್ಸಿಜನ್ ಅಷ್ಟು ಕಡಿಮೆ. ನಮ್ಮ ಮಿದುಳೋ, ಮೈತೂಕದಲ್ಲಿ ಶೇ. 2ರಷ್ಟಿದ್ದುಕೊಂಡು ಒಟ್ಟು ಆಕ್ಸಿಜನ್‌ನಲ್ಲಿ ಸುಮಾರು ಶೇ. 20 ತಾನೇ ನುಂಗುವ ಗಿರಾಕಿ. ಕೊರತೆ ಬಿದ್ದರೆ ಅದಕ್ಕೇ ತಾನೇ ಬಿಸಿ ತಟ್ಟೋದು?

1875ರಲ್ಲಿ ಮೂವರು ಫ್ರೆಂಚರು ಜೆನಿತ್ ಎಂಬ ಬಲೂನಿನಲ್ಲಿ 8,000 ಮೀಟರ್ ದಾಟಿದರು. ಆಕ್ಸಿಜನ್ ಜೊತೆಯಲ್ಲೇ ಇತ್ತು. ಆದರೆ ನಳಿಕೆ ಹಿಡಿಯೋಣ ಎಂದರೆ ಅವರಲ್ಲೊಬ್ಬನಾದ ಟಿಸ್ಸಾಂಡಿಯೆಗೆ ಕೈ ಎತ್ತಲು ಆಗಲಿಲ್ಲ. ಬದುಕಿ ಬಂದವನು ಅವನೊಬ್ಬನೇ. ಆಮೇಲೆ ಅವನು ಬರೆದದ್ದು ನೋವಿನ ಕತೆಯಲ್ಲ, ಒಳಗೊಳಗೇ ಒಂಥರಾ ಖುಷಿಯಾಗಿತ್ತಂತೆ! ನನಗೆ ಭಯ ಹುಟ್ಟಿಸೋದು ಸಾವಿಗಿಂತ ಆ ಖುಷಿ.

ನನಗೂ ಒಮ್ಮೆ 4,200 ಮೀಟರ್ ಹತ್ತಿರ ಈ ಆಕ್ಸಿಜನ್ ಕೊರತೆಯ ಸಣ್ಣ ರುಚಿ ಸಿಕ್ಕಿತ್ತು. ತಲೆನೋವು, ಹೊಟ್ಟೆ ತೊಳಸು, ಶೂ ಲೇಸ್ ಕಟ್ಟೋಕೆ ಐದು ನಿಮಿಷ. ಗೆಳೆಯ ಕೇಳಿದರೆ ಸುಮ್ನೆ ಸಿಡುಕಿದೆ. ಅವನು ವಾದ ಮಾಡಲಿಲ್ಲ, ಕೋಲಿನಿಂದ ನೆಲದ ಮೇಲೆ ಗೆರೆ ಎಳೆದು, ಒಂದು ಹೆಜ್ಜೆಯ ಹಿಮ್ಮಡಿ ಇನ್ನೊಂದರ ಬೆರಳಿಗೆ ತಾಗೋ ಹಾಗೆ ನಡಿ ಅಂದ. ನಾಲ್ಕನೇ ಹೆಜ್ಜೆಗೆ ವಾಲಿದೆ. ಕಲ್ಲಿತ್ತು ಅಂದೆ. ಕಲ್ಲೂ ಇರಲಿಲ್ಲ, ಮಣ್ಣೂ ಇರಲಿಲ್ಲ.

ಹೀಗೆ ತೂರಾಡುವುದು ಮಿದುಳು ಊದಿಕೊಳ್ಳುತ್ತಿರುವುದರ ಸೂಚನೆ ಇರಬಹುದು. ಆಮೇಲೆ ಗೊಂದಲ, ಮಂಪರು, ಪ್ರಜ್ಞೆ ತಪ್ಪುವುದು, ತಡಮಾಡಿದರೆ ಸಾವು. ಊತ ತಗ್ಗಿಸುವ ಡೆಕ್ಸಾಮೆಥಾಸೋನ್ ಎಂಬ ಔಷಧಿ ಕೊಡುತ್ತಾರೆ, ಆಕ್ಸಿಜನ್ ಕೊಡುತ್ತಾರೆ, ಆದರೆ ಅದ್ಯಾವುದೂ ಕೆಳಗಿಳಿಯುವುದಕ್ಕೆ ಬದಲಿಯಲ್ಲ. ಗೆಳೆಯ ನನ್ನ ಬ್ಯಾಗ್ ಕಿತ್ತುಕೊಂಡು ಆಗಲೇ ನನ್ನನ್ನು ಕೆಳಗಿಳಿಸಿದ. ದಾರಿಯುದ್ದಕ್ಕೂ ಬೈದೆ.

ದಿನಾ ಓಡೋರಿಗೆ ಏನಾಗಲ್ಲ ಅನ್ನೋದು ಸುಳ್ಳು. ಫಿಟ್‌ನೆಸ್ ಇದಕ್ಕೆ ಗುರಾಣಿಯಲ್ಲ. ಅಂಥವರು ಬೇಗ ಹತ್ತಿಬಿಟ್ಟರೆ ಅಪಾಯ ಇನ್ನೂ ಜಾಸ್ತಿ. 3,000 ಮೀಟರ್ ಆದ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರ್‌ಗಿಂತ ಏರಬಾರದು ಎನ್ನುವುದು ಹೇಡಿಗಳ ನಿಯಮವಲ್ಲ.

ಹಾಗಾಗಿ ಈಗ ಹೊರಡುವ ಮುಂಚೆಯೇ ಮಾತಾಡಿಕೊಳ್ಳುತ್ತೇವೆ: ಯಾರಿಗಾದರೂ ಹೆಜ್ಜೆ ತಪ್ಪಿದರೆ ಉಳಿದವರು ಇಳಿಸುವುದು, ಅವರ ಅಭಿಪ್ರಾಯ ಕೇಳದೆ. ಬೈಗುಳ ಲೆಕ್ಕಕ್ಕಿಲ್ಲ.